ಮಕ್ಕಳನ್ನು ಕಾಡುವ ಸೂಜಿಹುಳು

(ಆಕಾಶವಾಣಿ ಭಾಷಣ)

ಕೆಲವು ಕಾಯಿಲೆಗಳಿಗೆ ನಮ್ಮ ಸಮಾಜದಲ್ಲಿ ಒಂದು ಬಗೆಯ ಮರ್ಯಾದೆ ಉಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಎಡಬಲದವರಿಗೆಲ್ಲ ವಿವರಿಸುವವರನ್ನು ನಾವು ಬಲ್ಲೆವು. ಮತ್ತೆ ಕೆಲವು ಕಾಯಿಲೆಗಳನ್ನು ಹೆತ್ತ ತಾಯಿಯ ಹತ್ತಿರ ಹೇಳಿಕೊಳ್ಳುವುದಕ್ಕೂ ನಾಚಿಕೆ. ಇಂದು ನಾನು ಪ್ರಸ್ತಾಪಿಸುತ್ತಿರುವುದು ಈ ಎರಡನೆಯ ಗುಂಪಿಗೆ ಸೇರಿದ ಒಂದು ಬಾಧೆಯನ್ನು. ಅದು ಪ್ರಾಣಕ್ಕೆ ಎರವಾಗುವಂಥದಲ್ಲ. ಆದರೆ ಚಿಕ್ಕ ಮಕ್ಕಳ ನಿದ್ದೆಯನ್ನು ಕೆಡಿಸಿ, ಹಗಲಿನ ನೆಮ್ಮದಿಯನ್ನು ಕಿತ್ತುಕೊಂಡು, ಎಷ್ಟೋ ವೇಳೆ ತಪ್ಪಿಲ್ಲದ ಮಗುವಿಗೆ ಬೈಗುಳವನ್ನೂ ಪೆಟ್ಟನ್ನೂ ತಂದುಕೊಡುವಂಥದು. ಗುದದ್ವಾರದ ಬಳಿ ರಾತ್ರಿಯ ಹೊತ್ತು ತುರಿಕೆಯನ್ನುಂಟುಮಾಡುವ ಸೂಜಿಹುಳು ಎಂಬ ಕಿರಿಯ ಜೀವಿಯ ವಿಚಾರ ಇದು.

ನಾನು ವೈದ್ಯನಲ್ಲ, ಕನ್ನಡವನ್ನು ಪಾಠಹೇಳಿ ನಿವೃತ್ತನಾದವನು. ಇಲ್ಲಿ ಹೇಳುವ ಸಂಗತಿಗಳು ವೈದ್ಯಶಾಸ್ತ್ರ ಒಪ್ಪಿಕೊಂಡವು. ಅವನ್ನು ಮನೆಯ ಮಾತಿನಲ್ಲಿ ಹೇಳುವುದಷ್ಟೇ ನನ್ನ ಕೆಲಸ. ಈ ಕಾಯಿಲೆಯ ಮಟ್ಟಿಗೆ ಮಾತೇ ಅರ್ಧ ಮದ್ದು ಎಂದು ನಾನು ನಂಬಿದ್ದೇನೆ. ಅದು ಹೇಗೆಂಬುದು ಮುಂದೆ ತಿಳಿಯುತ್ತದೆ.

ಮೊದಲು ಹೆಸರಿನ ವಿಚಾರ. 'ಹುಳು' ಎಂಬುದು ನಮ್ಮ ಅಚ್ಚ ಮಾತು. ಹಳಗನ್ನಡದಲ್ಲಿ ಅದು 'ಪುೞು'. 'ಕ್ರಿಮಿ', 'ಜಂತು' ಎಂಬವು ಸಂಸ್ಕೃತದಿಂದ ಬಂದವು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯ ಹಳ್ಳಿಗಳಲ್ಲಿ ಮಗುವಿಗೆ ಹೊಟ್ಟೆ ನೊಂದರೂ, ಮೈ ಇಳಿದರೂ, ಮುಖದ ಮೇಲೆ ಬಿಳಿ ಮಚ್ಚೆ ಬಿದ್ದರೂ 'ಜಂತುಹುಳ ಆಗದೆ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ತೊಡಕು ಹುಟ್ಟುವುದು ಇಲ್ಲಿಯೇ. ಮಕ್ಕಳ ಕರುಳಿನಲ್ಲಿ ಮನೆಮಾಡುವ ಹುಳುಗಳು ಹಲವು. ಎರೆಹುಳುವಿನಂತೆ ಉದ್ದವಾದ ದುಂಡುಹುಳು ಒಂದು. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳು ಮತ್ತೊಂದು. ಚಾಟಿಯ ಆಕಾರದ ಚಾಟಿಹುಳು ಇನ್ನೊಂದು. ಈ ಮೂರೂ ಮಣ್ಣಿನ ಮೂಲಕ ಹರಡುತ್ತವೆ. ಮಲದೊಡನೆ ಹೊರಬಿದ್ದ ಅವುಗಳ ಮೊಟ್ಟೆ ನೆಲದಲ್ಲಿ ಕೆಲವು ದಿನ ಅಥವಾ ಕೆಲವು ವಾರ ಮಾಗಬೇಕು. ಸೂಜಿಹುಳು ಈ ಪಂಗಡಕ್ಕೆ ಸೇರಿದ್ದಲ್ಲ. ಅದಕ್ಕೆ ಮಣ್ಣು ಬೇಡ, ಬಯಲು ಬೇಡ. ಮನೆಯ ಒಳಗೇ ಅದರ ಸಂಸಾರ ನಡೆಯುತ್ತದೆ.

ಆ ಸಂಸಾರದ ರೀತಿಯನ್ನು ತಿಳಿದರೆ ಗುರುತೂ ಚಿಕಿತ್ಸೆಯೂ ತಾವಾಗಿಯೇ ಅರ್ಥವಾಗುತ್ತವೆ. ಹೆಣ್ಣು ಹುಳು ಬಿಳಿಯ ನೂಲಿನ ತುಂಡಿನಂತೆ ಇರುತ್ತದೆ. ಉದ್ದ 8ರಿಂದ 13 ಮಿಲಿಮೀಟರ್, ಎಂದರೆ ಸುಮಾರು ಅರ್ಧ ಅಂಗುಲ. ಬಾಲದ ತುದಿ ಸೂಜಿಯಂತೆ ಚೂಪು. ಹೆಸರು ಬಂದದ್ದು ಅದರಿಂದ. ಗಂಡು ಹುಳು ಇನ್ನೂ ಸಣ್ಣದು, 2ರಿಂದ 5 ಮಿಲಿಮೀಟರ್. ಬಾಯಿಯ ಮೂಲಕ ಒಳಹೊಕ್ಕ ಮೊಟ್ಟೆ ಸಣ್ಣ ಕರುಳಿನಲ್ಲಿ ಒಡೆದು, ಮರಿ ದೊಡ್ಡ ಕರುಳಿನ ಮೊದಲ ಭಾಗಕ್ಕೆ ಇಳಿದು ಅಲ್ಲಿ ಬೆಳೆಯುತ್ತದೆ. ಸುಮಾರು ಒಂದು ತಿಂಗಳಿಗೆ ಹೆಣ್ಣು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಆದರೆ ಅದು ಕರುಳಿನೊಳಗೆ ಮೊಟ್ಟೆಯಿಡುವುದಿಲ್ಲ. ಮಗು ಮಲಗಿ ನಿದ್ದೆಹೋದ ಮೇಲೆ ಗುದದ್ವಾರದಿಂದ ಹೊರಬಂದು, ಸುತ್ತಣ ಚರ್ಮದ ಮಡಿಕೆಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಮೊಟ್ಟೆಗಳನ್ನು ಒಂದು ಅಂಟಿನೊಡನೆ ಹಚ್ಚಿ ತಾನು ಸಾಯುತ್ತದೆ. ಹುಳುವಿನ ಹರಿದಾಟ ಮತ್ತು ಆ ಅಂಟು, ಇವೇ ತುರಿಕೆಗೆ ಕಾರಣ.

ಮೊಟ್ಟೆಯೊಂದರ ಉದ್ದ ಒಂದು ಮಿಲಿಮೀಟರಿನ 20ನೆಯ ಒಂದು ಪಾಲು, ಬರಿಗಣ್ಣಿಗೆ ಕಾಣುವುದಿಲ್ಲ. ನಾಲ್ಕಾರು ಗಂಟೆಗಳಲ್ಲಿ ಅದು ಮಾಗಿ ಮತ್ತೊಬ್ಬರಿಗೆ ಅಂಟುವ ಸ್ಥಿತಿಗೆ ಬರುತ್ತದೆ. ಮಗು ನಿದ್ದೆಗಣ್ಣಿನಲ್ಲಿ ತುರಿಸಿಕೊಳ್ಳುತ್ತದೆ. ಮೊಟ್ಟೆ ಉಗುರಿನ ಸಂದಿಗೆ ಸೇರುತ್ತದೆ. ಬೆಳಗ್ಗೆ ಬೆರಳು ಬಾಯಿಗೆ ಹೋಗುತ್ತದೆ. ಅಲ್ಲಿಗೆ ಒಂದು ಸುತ್ತು ಪೂರ್ಣವಾಗಿ ಮತ್ತೊಂದು ಸುತ್ತು ಮೊದಲಾಯಿತು. ಉಗುರಿನಿಂದಷ್ಟೇ ಅಲ್ಲ, ಚಡ್ಡಿ, ಹೊದಿಕೆ, ದಿಂಬು, ಚಾಪೆ, ಆಟದ ಸಾಮಾನು, ಬಾಗಿಲ ಚಿಲಕ, ಎಲ್ಲೆಲ್ಲಿ ಆ ಕೈ ಮುಟ್ಟಿತೋ ಅಲ್ಲೆಲ್ಲ ಮೊಟ್ಟೆ ಉಳಿಯುತ್ತದೆ. ನೆರಳಿನಲ್ಲಿ, ತೇವದಲ್ಲಿ ಎರಡು ಮೂರು ವಾರದವರೆಗೆ ಜೀವ ಹಿಡಿದುಕೊಂಡಿರುತ್ತದೆ. ಹೊದಿಕೆಯನ್ನು ಕೊಡವಿದರೆ ಧೂಳಿನೊಡನೆ ಗಾಳಿಗೆ ಏರಿ ಉಸಿರಿನ ದಾರಿಯಿಂದ ಗಂಟಲನ್ನು ಸೇರುವುದೂ ಉಂಟು.

ಇಷ್ಟನ್ನು ಕೇಳಿದ ಮೇಲೆ ಒಂದು ವಿಷಯ ಸ್ಪಷ್ಟವಾಗಬೇಕು. ಇದು ಬಡವರ ರೋಗವಲ್ಲ, ಕೊಳಕರ ರೋಗವೂ ಅಲ್ಲ. ಅಮೆರಿಕದಂತಹ ಸಿರಿವಂತ ದೇಶದಲ್ಲಿಯೂ ಮಕ್ಕಳಲ್ಲಿ ಅತ್ಯಂತ ಸಾಮಾನ್ಯವಾದ ಹುಳುಬಾಧೆ ಇದೇ. ಆ ದೇಶದ ಯೂಟಾ ಪ್ರಾಂತದ ಒಂದು ಗುಹೆಯಲ್ಲಿ ದೊರೆತ, ಸುಮಾರು ಹತ್ತು ಸಾವಿರ ವರ್ಷ ಹಿಂದಿನ ಒಣಗಿದ ಮಾನವಮಲದಲ್ಲಿ ಇದರ ಮೊಟ್ಟೆಗಳು ಕಂಡುಬಂದಿವೆ. ಹೀಗೆ ಮನುಷ್ಯನ ಹಳೆಯ ಜೊತೆಗಾರ ಇದು. ಜೊತೆಗಾರ ಎಂದರೆ ಮನುಷ್ಯನಿಗೇ ಮೀಸಲು: ನಾಯಿ, ಬೆಕ್ಕು, ದನಗಳಿಂದ ಇದು ಬರುವುದಿಲ್ಲ. ಮಗು ಕಪಿಲೆಯಲ್ಲಿ ಮಿಂದದ್ದರಿಂದ ಬಂತು, ಗದ್ದೆಯ ಬದುವಿನಲ್ಲಿ ಬರಿಗಾಲಿನಲ್ಲಿ ಓಡಾಡಿದ್ದರಿಂದ ಬಂತು ಎನ್ನುವುದೂ ಸರಿಯಲ್ಲ. ಬರಿಗಾಲಿನಿಂದ ಬರುವುದು ಕೊಕ್ಕೆಹುಳು. ಸೂಜಿಹುಳು ಬರುವುದು ಮನುಷ್ಯರಿಂದ ಮನುಷ್ಯರಿಗೆ: ಒಂದೇ ಚಾಪೆಯಲ್ಲಿ ಮಲಗುವವರಿಂದ, ಒಂದೇ ಬೆಂಚಿನಲ್ಲಿ ಕೂರುವವರಿಂದ, ಒಂದೇ ವಸತಿನಿಲಯದಲ್ಲಿ ಇರುವವರಿಂದ.

ಇನ್ನು ಗುರುತಿಸುವ ಬಗೆ. ಮುಖ್ಯ ಲಕ್ಷಣ ರಾತ್ರಿಯ ತುರಿಕೆ. ಮಗು ಮಲಗಿದ ಸ್ವಲ್ಪ ಹೊತ್ತಿಗೆ ಹೊರಳಾಡುತ್ತದೆ, ಎದ್ದು ಕುಳಿತು ಅಳುತ್ತದೆ, ಕೈ ಹಿಂದಕ್ಕೆ ಹೋಗುತ್ತದೆ. ನಿದ್ದೆ ಕೆಟ್ಟ ಮಗು ಹಗಲಿನಲ್ಲಿ ಸಿಡಿಮಿಡಿಗೊಳ್ಳುವುದು ಸಹಜ. ಶಾಲೆಯಲ್ಲಿ ತೂಕಡಿಸುತ್ತದೆ, ಪಾಠದ ಮೇಲೆ ಗಮನ ನಿಲ್ಲುವುದಿಲ್ಲ. 'ರಾತ್ರಿಯೆಲ್ಲ ಹೊರಳಾಡ್ತದೆ ಕಣಕ್ಕ, ಹಗಲು ಹೊತ್ತು ಸಿಡುಕ್ತದೆ, ಯಾರ ಕಣ್ಣು ಬಿತ್ತೋ ಕಾಣೆ' ಎಂದು ತಾಯಿಯೊಬ್ಬಳು ನೆರೆಯಾಕೆಯೊಡನೆ ಹೇಳುವ ಮಾತಿನಲ್ಲಿ ಕಾಯಿಲೆಯ ವರ್ಣನೆ ಪೂರ್ತಿಯಾಗಿ ಇದೆ; ಕಾರಣವೊಂದು ಮಾತ್ರ ತಪ್ಪು. ಅತಿಯಾಗಿ ತುರಿಸಿಕೊಂಡಲ್ಲಿ ಚರ್ಮ ಗೀರಿ ಹುಣ್ಣಾಗಬಹುದು. ಕೆಲವು ಮಕ್ಕಳಿಗೆ ಹೊಟ್ಟೆನೋವು ಇರಬಹುದು. ಹಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದರೂ ಅವರಿಂದ ಇತರರಿಗೆ ಹರಡುತ್ತಿರುತ್ತದೆ.

ಹೆಣ್ಣುಮಕ್ಕಳ ವಿಚಾರವನ್ನು ವಿಶೇಷವಾಗಿ ಹೇಳಬೇಕು. ಹೊರಬಂದ ಹುಳು ಕೆಲವೊಮ್ಮೆ ದಾರಿತಪ್ಪಿ ಮುಂಭಾಗಕ್ಕೆ ಹರಿಯುತ್ತದೆ. ಅದರಿಂದ ಅಲ್ಲಿಯೂ ಉರಿ, ತುರಿಕೆ, ಒಮ್ಮೊಮ್ಮೆ ಬಿಳಿಯ ಸ್ರಾವ ಕಾಣಿಸುತ್ತದೆ. ಬಿಟ್ಟಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳುವುದೂ ಉಂಟು. ಆರೇಳು ವರ್ಷದ ಹುಡುಗಿ ಇದನ್ನು ಯಾರಿಗೆ ಹೇಳಬೇಕು? ಹತ್ತು ಜನರ ಮುಂದೆ ಕೈ ಅಲ್ಲಿಗೆ ಹೋದರೆ 'ಥೂ, ನಾಚಿಕೆಗೆಟ್ಟವಳೆ' ಎಂದು ಕೈಮೇಲೆ ಹೊಡೆಯುತ್ತೇವೆ. ಮಗು ಕಲಿಯುವ ಪಾಠ ಒಂದೇ: ನೋವನ್ನು ಮುಚ್ಚಿಡಬೇಕು. ಅರ್ಧ ಅಂಗುಲದ ಹುಳು ಮಾಡಲಾರದ ಹಾನಿಯನ್ನು ನಾವು ಹಾಗೆ ಮಾಡುತ್ತೇವೆ. ಗದರಿಸುವುದಕ್ಕೆ ಮೊದಲು ಒಂದು ರಾತ್ರಿ ದೀಪ ಹಿಡಿದು ನೋಡುವುದು ತಾಯಿಗೆ ದೊಡ್ಡ ಕೆಲಸವಲ್ಲ.

ನೋಡುವ ಕ್ರಮ ಹೀಗೆ. ಮಗು ಮಲಗಿದ ಎರಡು ಮೂರು ಗಂಟೆಯ ಮೇಲೆ, ಅದನ್ನು ಎಬ್ಬಿಸದೆ, ಟಾರ್ಚಿನ ಬೆಳಕಿನಲ್ಲಿ ಗುದದ್ವಾರದ ಸುತ್ತ ನೋಡಬೇಕು. ಹುಳುಗಳಿದ್ದರೆ ಬಿಳಿಯ ದಾರದ ಚೂರುಗಳಂತೆ ಹರಿದಾಡುವುದು ಕಾಣುತ್ತದೆ. ಬೆಳಗಿನ ಮಲದ ಮೇಲೆಯೂ ಒಮ್ಮೊಮ್ಮೆ ಕಾಣುವುದುಂಟು. ಒಂದು ರಾತ್ರಿ ಕಾಣಲಿಲ್ಲವೆಂದು ಇಲ್ಲವೆಂದು ತೀರ್ಮಾನಿಸಬಾರದು. ಮೂರು ರಾತ್ರಿ ನೋಡಬೇಕು.

ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳಲು ಬಹು ಸರಳವಾದ ಉಪಾಯವೊಂದು 1941ರಲ್ಲಿಯೇ ಪ್ರಕಟವಾಯಿತು. ಮಗು ಎದ್ದ ಕೂಡಲೇ, ಶೌಚಕ್ಕೆ ಹೋಗುವ ಮೊದಲು, ತೊಳೆಯುವ ಮೊದಲು, ಪಾರದರ್ಶಕವಾದ ಸೆಲ್ಲೋಟೇಪಿನ ಅಂಟುಮುಖವನ್ನು ಆ ಭಾಗದ ಚರ್ಮಕ್ಕೆ ಒತ್ತಿ ತೆಗೆದು ಗಾಜಿನ ಪಟ್ಟಿಗೆ ಅಂಟಿಸುವುದು. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಇದನ್ನೂ ಮೂರು ಬೆಳಗ್ಗೆ ಮಾಡಿದರೆ ತಪ್ಪಿಹೋಗುವುದು ಅಪರೂಪ. ಗಾಜಿನ ಪಟ್ಟಿಯನ್ನು ಮೊದಲೇ ಆಸ್ಪತ್ರೆಯಿಂದ ಕೇಳಿ ತಂದಿಟ್ಟುಕೊಳ್ಳಬಹುದು. ಅಂಟಿಸಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಸಾಮಾನ್ಯವಾದ ಮಲಪರೀಕ್ಷೆಯಲ್ಲಿ ಈ ಹುಳುವಿನ ಮೊಟ್ಟೆ ಹೆಚ್ಚಿನ ಪಾಲು ಸಿಗುವುದಿಲ್ಲ. ಏಕೆಂದರೆ ಮೊಟ್ಟೆಯಿಡುವುದು ಕರುಳಿನ ಹೊರಗೆ. 'ಮಲಪರೀಕ್ಷೆಯಲ್ಲಿ ಏನೂ ಇಲ್ಲ' ಎಂಬ ಚೀಟಿಯನ್ನು ನಂಬಿ ಸುಮ್ಮನಾಗಬಾರದು.

ಇಲ್ಲಿಯೇ ಕೆಲವು ನಂಬಿಕೆಗಳ ಮಾತು. ನಿದ್ದೆಯಲ್ಲಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳು ಎನ್ನುವುದು ಮನೆಮನೆಯ ಮಾತು. ಹುಳುವಿಲ್ಲದ ಮಕ್ಕಳೂ ಹಲ್ಲು ಕಡಿಯುತ್ತಾರೆ, ಆದ್ದರಿಂದ ಅದನ್ನೇ ಗುರುತೆಂದು ಹಿಡಿಯಲಾಗದು. ಕೆನ್ನೆಯ ಮೇಲಿನ ಬಿಳಿ ಮಚ್ಚೆ ಚರ್ಮದ ಒಂದು ಸಾಮಾನ್ಯ ತೊಂದರೆ, ಹುಳುವಿನ ಗುರುತಲ್ಲ. ಮಗು ಬಿಳಿಚಿಕೊಂಡು ರಕ್ತಹೀನವಾಗಿದ್ದರೆ ಸೂಜಿಹುಳುವನ್ನು ದೂರುವ ಬದಲು ಕೊಕ್ಕೆಹುಳುವನ್ನೂ ಆಹಾರದ ಕೊರತೆಯನ್ನೂ ಶಂಕಿಸಬೇಕು. ಮಲದಲ್ಲಿ ರಕ್ತ, ಜ್ವರ, ವಾಂತಿ, ತೂಕ ಇಳಿಯುವುದು, ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹಗಲೂ ರಾತ್ರಿ ಮೈಯೆಲ್ಲ ತುರಿಕೆಯಿದ್ದರೆ ಅದು ಕಜ್ಜಿಯಾಗಿರಬಹುದು.

ಬೆಲ್ಲ ತಿಂದರೆ ಹುಳುವಾಗುತ್ತದೆಂಬ ನಂಬಿಕೆಗೆ ಮಾತ್ರ ಹಿರಿಯ ವಂಶಾವಳಿ ಇದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ 20 ಬಗೆಯ ಕ್ರಿಮಿಗಳ ವಿವರಣೆ ಬರುತ್ತದೆ. ಮಲದಲ್ಲಿ ಹುಟ್ಟುವುವೆಂದು ಹೇಳಿದ ಕ್ರಿಮಿಗಳಲ್ಲಿ ಕೆಲವು ಉಣ್ಣೆಯ ಎಳೆಯಂತೆ ಬಿಳಿಯಾಗಿರುತ್ತವೆಂದೂ ಗುದದ ಬಳಿ ತುರಿಕೆಯನ್ನುಂಟುಮಾಡುತ್ತವೆಂದೂ ಅಲ್ಲಿ ಹೇಳಿದೆ. ನಮ್ಮ ಸೂಜಿಹುಳುವನ್ನು ಕಣ್ಣಾರೆ ಕಂಡವರ ಮಾತಿನಂತೆ ಅದು ತೋರುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಮೊಟ್ಟೆ ಅವರಿಗೆ ಕಾಣಲಿಲ್ಲ. ಆದ್ದರಿಂದ ಬೆಲ್ಲ, ಹಾಲು ಮೊದಲಾದ ಆಹಾರಗಳನ್ನು ಕಾರಣಗಳಲ್ಲಿ ಎಣಿಸಿದರು. ಬೆಲ್ಲದಲ್ಲಿ ಹುಳು ಹುಟ್ಟುವುದಿಲ್ಲ. ಬೆಲ್ಲ ಹಿಡಿದ ಕೈ ತೊಳೆದಿರಬೇಕು, ಅಷ್ಟೆ. ಆದರೆ ಚಿಕಿತ್ಸೆಗೆ ಅವರು ಹಾಕಿಕೊಟ್ಟ ಮೂರು ಮೆಟ್ಟಿಲುಗಳು ಇಂದಿಗೂ ಸಲ್ಲುತ್ತವೆ. ಹುಳುವನ್ನು ಹೊರತೆಗೆಯುವ ಅಪಕರ್ಷಣ ಒಂದು. ಅದು ಬೆಳೆಯುವ ಪರಿಸ್ಥಿತಿಯನ್ನು ಕೆಡಿಸುವ ಪ್ರಕೃತಿವಿಘಾತ ಎರಡು. ಕಾರಣವನ್ನೇ ದೂರಮಾಡುವ ನಿದಾನಪರಿವರ್ಜನ ಮೂರು. ನಾವು ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಲ್ಲಿಯೇ ನಿಂತುಬಿಡುತ್ತೇವೆ.

ನಂಜನಗೂಡಿನ ನಂಜುಂಡೇಶ್ವರನನ್ನು ಜನ ರೋಗ ಕಳೆಯುವ ದೈವವೆಂದು ನಂಬಿ ಬರುತ್ತಾರೆ. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆ ಆಯುರ್ವೇದಕ್ಕೂ ಆ ಊರಿಗೂ ಇರುವ ನಂಟನ್ನು ಗಟ್ಟಿಗೊಳಿಸಿತು. ಈ ಸೀಮೆಯ ಅಜ್ಜಿಯರಿಗೆ ಕ್ರಿಮಿಗೆ ವಾಯುವಿಳಂಗ, ಬೇವು, ಓಮಗಳ ಪರಿಚಯವಿತ್ತು. ಆಗಾಗ ಮೊಮ್ಮಕ್ಕಳ ಮೂಗು ಹಿಡಿದು ಹರಳೆಣ್ಣೆ ಕುಡಿಸುವ ಪದ್ಧತಿಯೂ ಇತ್ತು. ಭೇದಿಯೊಡನೆ ಕೆಲವು ಹುಳು ಹೊರಬೀಳುತ್ತಿದ್ದುದು ನಿಜ. ಆದರೆ ಚರ್ಮದ ಮೇಲೂ ಹಾಸಿಗೆಯಲ್ಲೂ ಇದ್ದ ಮೊಟ್ಟೆಗೆ ಹರಳೆಣ್ಣೆ ಏನು ಮಾಡೀತು? ಹಲವು ಸಲ ಭೇದಿಯಾದ ಮಗು ಮಾತ್ರ ಸೊರಗುತ್ತಿತ್ತು. ಈಗ ಅದರ ಅಗತ್ಯವಿಲ್ಲ.

ಈಗಿನ ಮದ್ದು ಸುಲಭ. 1950ರ ದಶಕದಿಂದ ಬಳಕೆಯಲ್ಲಿದ್ದ ಪೈಪರಜೀನ್ ಔಷಧವನ್ನು ಏಳು ದಿನ ಕೊಡಬೇಕಾಗಿತ್ತು. ಈಗ ಬಳಸುವ ಆಲ್ಬೆಂಡಜೋಲ್ ಒಂದು ದಿನಕ್ಕೆ ಒಂದೇ ಮಾತ್ರೆ: ಎರಡು ವರ್ಷ ತುಂಬಿದವರಿಗೂ ದೊಡ್ಡವರಿಗೂ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದ ಮಗುವಿಗೆ ಅದರ ಅರ್ಧ. ಮೆಬೆಂಡಜೋಲ್, ಪೈರಾಂಟೆಲ್ ಎಂಬವೂ ಉಂಟು. ಆಲ್ಬೆಂಡಜೋಲ್ ಹುಳು ಸಕ್ಕರೆಯಂಶವನ್ನು ಹೀರಿಕೊಳ್ಳದಂತೆ ಮಾಡಿ ಅದನ್ನು ಉಪವಾಸದಿಂದ ಕೊಲ್ಲುತ್ತದೆ. ಮಾತ್ರೆಯನ್ನು ಮಗು ಅಗಿದು ನುಂಗಬೇಕು. ಚಿಕ್ಕ ಮಗುವಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕೀತು. ಒಂದು ವರ್ಷದೊಳಗಿನ ಕೂಸಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳದೆ ಕೊಡಲೇಬಾರದು. ಜ್ವರ ಬಂದು ಮಲಗಿರುವ ಮಗುವಿಗೆ ಗುಣವಾದ ಮೇಲೆ ಕೊಟ್ಟರಾಯಿತು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ತಾಲ್ಲೂಕು ಆಸ್ಪತ್ರೆಯ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಹೇಳಬೇಕು.

ಇಷ್ಟು ಸುಲಭವಾದ ಮದ್ದಿದ್ದೂ ಕಾಯಿಲೆ ಮತ್ತೆ ಮತ್ತೆ ಮರುಕಳಿಸುವುದೇಕೆ? ಕಾರಣ ಎರಡು. ಮೊದಲನೆಯದು, ಮಾತ್ರೆ ಹುಳುವನ್ನು ಕೊಲ್ಲುತ್ತದೆ. ಮೊಟ್ಟೆಯನ್ನು ನೆಚ್ಚುವಷ್ಟು ಮಟ್ಟಿಗೆ ಕೊಲ್ಲುವುದಿಲ್ಲ. ನಾಲೆಯ ಬಯಲಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬತ್ತದ ಗದ್ದೆಯಲ್ಲಿ ಒಮ್ಮೆ ಕಳೆ ಕಿತ್ತು ಕೈ ತೊಳೆದುಕೊಂಡವನುಂಟೆ? ನೆಲದಲ್ಲಿ ಉಳಿದ ಬೀಜ ಮೊಳೆತ ಮೇಲೆ ಎರಡನೆಯ ಕಳೆ ತೆಗೆಯಲೇಬೇಕು. ಹಾಗೆಯೇ ಎರಡು ವಾರ ಕಳೆದ ಮೇಲೆ ಎರಡನೆಯ ಮಾತ್ರೆ. ಆ ವೇಳೆಗೆ ಉಳಿದ ಮೊಟ್ಟೆಗಳು ಮರಿಯಾಗಿರುತ್ತವೆ. ಅವು ಬೆಳೆದು ಮೊಟ್ಟೆಯಿಡುವ ಮೊದಲೇ ಸಾಯುತ್ತವೆ. ತುರಿಕೆ ನಿಂತಿತೆಂದು ಎರಡನೆಯ ಮಾತ್ರೆಯನ್ನು ಬಿಡುವವರೇ ಹೆಚ್ಚು.

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ತಾಯಿ ನಾಚಿಕೆಯಿಂದ ಯಾರಿಗೂ ಹೇಳದೆ, ತುರಿಸಿಕೊಳ್ಳುವ ಮಗುವೊಂದಕ್ಕೇ ಗುಟ್ಟಾಗಿ ಮಾತ್ರೆ ಕೊಡುತ್ತಾಳೆ. ಪಕ್ಕದಲ್ಲಿ ಮಲಗುವ ಅಣ್ಣ, ತಂಗಿ, ಅಜ್ಜಿ, ಕೊನೆಗೆ ಆ ತಾಯಿಯೇ ಹುಳುವನ್ನು ಹೊತ್ತಿರಬಹುದು. ತಿಂಗಳೊಳಗೆ ಮಗುವಿಗೆ ಮತ್ತೆ ಅಂಟುತ್ತದೆ. ಆಮೇಲೆ 'ಇಂಗ್ಲಿಷ್ ಔಷಧಿ ನಾಟುವುದಿಲ್ಲ' ಎಂಬ ದೂರು. ಈ ಕಾಯಿಲೆ ಮಗುವಿನದಲ್ಲ, ಮನೆಯದು. ಮನೆಯವರೆಲ್ಲರೂ ಒಂದೇ ದಿನ ಮಾತ್ರೆ ತೆಗೆದುಕೊಳ್ಳಬೇಕು. ಎರಡು ವಾರದ ಮೇಲೆ ಎಲ್ಲರೂ ಮತ್ತೊಮ್ಮೆ. ಹಾಗಾಗಬೇಕಾದರೆ ಮನೆಯಲ್ಲಿ ಎಲ್ಲರೆದುರು ಅದರ ಹೆಸರೆತ್ತಬೇಕು. ಮಾವನವರಿಗೆ, ಅತ್ತೆಗೆ ಹೇಗೆ ಹೇಳುವುದೆಂದು ಸೊಸೆ ಹಿಂಜರಿದರೆ ಮದ್ದು ಸೋಲುತ್ತದೆ. ಮಾತೇ ಅರ್ಧ ಮದ್ದೆಂದು ಮೊದಲೇ ಹೇಳಿದ್ದು ಇದನ್ನೇ. ಹೇಳುವ ಹೊಣೆಯನ್ನು ಮನೆಯ ಹಿರಿಯರೇ ಹೊತ್ತುಕೊಂಡರೆ ಇನ್ನೂ ಒಳಿತು.

ಇನ್ನು ಮೂರನೆಯ ಮೆಟ್ಟಿಲು, ಕಾರಣವನ್ನು ದೂರಮಾಡುವುದು. ಮಾತ್ರೆ ತೆಗೆದುಕೊಂಡ ಸಂಜೆ ಮನೆಮಂದಿಯ ಉಗುರುಗಳನ್ನೆಲ್ಲ ಕತ್ತರಿಸಬೇಕು. ಮಲಗುವಾಗ ಮಗುವಿಗೆ ಮೈಗೊಪ್ಪುವ ಚಡ್ಡಿ ಹಾಕಿ, ಬೆಳಗ್ಗೆ ಎದ್ದ ಕೂಡಲೇ ಅದನ್ನು ಬದಲಿಸಿ, ಸಾಬೂನಿನಿಂದ ತೊಳೆದು ಸ್ನಾನ ಮಾಡಿಸಬೇಕು. ರಾತ್ರಿ ಇಟ್ಟ ಮೊಟ್ಟೆ ಹೆಚ್ಚಿನ ಪಾಲು ಅಲ್ಲಿಗೆ ಕೊಚ್ಚಿಹೋಗುತ್ತದೆ. ಸಂಜೆಯ ಸ್ನಾನಕ್ಕೆ ಈ ಗುಣವಿಲ್ಲ. ಚೆಂಬಿನಿಂದ ನೀರು ಹೊಯ್ದುಕೊಳ್ಳುವ ನಮ್ಮ ಪದ್ಧತಿಯೇ ತೊಟ್ಟಿಯಲ್ಲಿ ಕುಳಿತು ಮೀಯುವುದಕ್ಕಿಂತ ಮೇಲು. ಹೊದಿಕೆ, ದಿಂಬಿನ ಚೀಲ, ಒಳಉಡುಪುಗಳನ್ನು ಕೊಡವದೆ ಸುತ್ತಿಕೊಂಡು ಹೋಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ ಚಾಪೆ, ಹಾಸಿಗೆ, ಜಮಖಾನಗಳಿಗೂ ಬಿಸಿಲು ಕಾಣಿಸಬೇಕು. ಒಣ ಬಿಸಿಲನ್ನು ಆ ಮೊಟ್ಟೆ ಹೆಚ್ಚುಕಾಲ ತಾಳಲಾರದು. ಕೋಣೆಯನ್ನು ಧೂಳೇಳುವಂತೆ ಗುಡಿಸುವುದಕ್ಕಿಂತ ಒದ್ದೆಬಟ್ಟೆಯಿಂದ ಒರೆಸುವುದು ಲೇಸು. ಒಬ್ಬೊಬ್ಬರಿಗೂ ಬೇರೆ ಟವಲು ಇರಲಿ.

ಕೈಯ ಮಾತು ಕೊನೆಗೆ. ಮುದ್ದೆ ಮುರಿದು ನುಂಗುವುದೂ, ಅನ್ನ ಕಲಸಿ ಕೈತುತ್ತು ಹಾಕುವುದೂ ನಮ್ಮ ಊಟದ ಸೊಗಸು, ಅದನ್ನು ಬಿಡಬೇಕಾಗಿಲ್ಲ. ಆದರೆ ಊಟಕ್ಕೆ ಮೊದಲು ಬರಿಯ ನೀರಿನಲ್ಲಿ ಬೆರಳು ಅದ್ದುವುದು ಕೈತೊಳೆದಂತಲ್ಲ. ಸಾಬೂನು ಹಚ್ಚಿ, ಉಗುರಿನ ಸಂದಿಯನ್ನೂ ಉಜ್ಜಬೇಕು. ಶೌಚದ ಮೇಲೆ, ಮಗುವನ್ನು ತೊಳೆಸಿದ ಮೇಲೆ, ಅಡುಗೆಗೆ ಕೈಹಾಕುವ ಮೊದಲು, ಊಟಕ್ಕೆ ಮೊದಲು. ಈ ನಾಲ್ಕು ಹೊತ್ತು ತಪ್ಪದಿದ್ದರೆ ಸಾಕು.

ಈ ಶಿಕ್ಷಣದಲ್ಲಿ ತಿರುಮಕೂಡಲು ನರಸೀಪುರಕ್ಕೆ ಒಂದು ವಿಶೇಷ ಸ್ಥಾನವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಈ ತಾಲ್ಲೂಕನ್ನು. 100 ಅಂಗನವಾಡಿಗಳಿಂದ ಕೆಲಸ ಶುರುವಾಯಿತು. ಆರು ವರ್ಷದೊಳಗಿನ ಮಕ್ಕಳಿಗೆ ಆಹಾರ, ಚುಚ್ಚುಮದ್ದು, ಆಟಪಾಠಗಳ ಜೊತೆಗೆ ಆರೋಗ್ಯದ ತಿಳಿವಳಿಕೆಯನ್ನು ತಾಯಂದಿರಿಗೆ ಕೊಡುವುದೂ ಆ ಯೋಜನೆಯ ಉದ್ದೇಶ. ಮನೆಯಲ್ಲಿ ಹೇಳಲು ಹಿಂಜರಿಯುವ ತಾಯಿಗೆ ಅಂಗನವಾಡಿ ಕಾರ್ಯಕರ್ತೆ ಬಾಯಿಬಿಟ್ಟು ಕೇಳಬಹುದಾದ ಹತ್ತಿರದ ಹೆಂಗಸು.

2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೂ ನಡೆದುಬಂದಿದೆ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿನಲ್ಲಿ, ಒಂದರಿಂದ 19 ವರ್ಷದವರಿಗೆ ಅಂಗನವಾಡಿಗಳಲ್ಲಿಯೂ ಶಾಲಾ ಕಾಲೇಜುಗಳಲ್ಲಿಯೂ ಆಲ್ಬೆಂಡಜೋಲ್ ಮಾತ್ರೆಯನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅದನ್ನು ತಪ್ಪದೆ ಕೊಡಿಸಬೇಕು. ಆದರೆ ಅದರ ಗುರಿ ಮಣ್ಣಿನಿಂದ ಬರುವ ಮೂರು ಹುಳುಗಳು. ಸೂಜಿಹುಳುವಿಗೂ ಅದು ತಾಗುತ್ತದೆಯಾದರೂ, ಎರಡು ವಾರದ ಮೇಲಿನ ಎರಡನೆಯ ಮಾತ್ರೆಯನ್ನು ಶಾಲೆ ಕೊಡುವುದಿಲ್ಲ. ಮನೆಯ ಹಿರಿಯರಿಗೂ ಕೊಡುವುದಿಲ್ಲ. ಮಗುವಿಗೆ ತುರಿಕೆಯಿದ್ದರೆ, ಶಾಲೆಯಲ್ಲಿ ಯಾವ ದಿನ ಮಾತ್ರೆ ಕೊಟ್ಟರೆಂಬುದನ್ನು ವೈದ್ಯರಿಗೆ ತಿಳಿಸಿ, ಉಳಿದದ್ದನ್ನು ಮನೆಯವರೇ ಪೂರೈಸಬೇಕು.

ಶ್ರೋತೃಗಳೆ, ಹೇಳಿದ್ದನ್ನು ಸಂಗ್ರಹಿಸುವುದಾದರೆ ಹೀಗೆ: ರಾತ್ರಿ ತುರಿಕೆ ಕಂಡರೆ ಬೈಯಬೇಡಿ, ದೀಪ ಹಿಡಿದು ನೋಡಿ. ವೈದ್ಯರನ್ನು ಕೇಳಿ ಮನೆಯವರೆಲ್ಲರೂ ಒಂದೇ ದಿನ ಮದ್ದು ತೆಗೆದುಕೊಳ್ಳಿ. ಎರಡು ವಾರಕ್ಕೆ ಮತ್ತೊಮ್ಮೆ ತೆಗೆದುಕೊಳ್ಳಿ. ಉಗುರು, ಬೆಳಗಿನ ಸ್ನಾನ, ಬಿಸಿಲು, ಸಾಬೂನು, ಈ ನಾಲ್ಕನ್ನು ಮರೆಯಬೇಡಿ. ಮರುಕಳಿಸಿದರೆ ಎದೆಗುಂದದೆ ಇದೇ ಕ್ರಮವನ್ನು ಮತ್ತೆ ಹಿಡಿಯಿರಿ. ಹೀಗೆ ಮಾಡಿದ ಮನೆಯಲ್ಲಿ ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ. ಮಗುವಿನ ಪಕ್ಕದಲ್ಲಿ ಮಲಗಿದ ತಾಯಿಯೂ ಸಹ.